ನೇರಳೆ ಉಂಗುರದ ಹಿಂದಿನ ಹಾಳೆಗಳು

ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣದ ಎದುರಿಗಿರುವ ಮದ್ರಾಸ್ ಮೆಡಿಕಲ್ ಕಾಲೇಜು 1835ರದ್ದು. ಅಲ್ಲಿ ಓದಲಿ, ಹುಬ್ಬಳ್ಳಿಯಲ್ಲಿ ಓದಲಿ, ಮೊದಲ ವರ್ಷದ ವೈದ್ಯ ವಿದ್ಯಾರ್ಥಿಯ ಬಯೋಕೆಮಿಸ್ಟ್ರಿ ರೆಕಾರ್ಡ್ ಪುಸ್ತಕ ಸಾಮಾನ್ಯವಾಗಿ ಶುರುವಾಗುವುದು ಕಾರ್ಬೋಹೈಡ್ರೇಟುಗಳಿಂದಲೇ. ಮೋಲಿಶ್, ಅಯೋಡಿನ್, ಬೆನೆಡಿಕ್ಟ್, ಬಾರ್ಫೊಡ್, ಸೆಲಿವಾನೋವ್, ಓಸಜೋನ್. ಪ್ರಯೋಗ, ವೀಕ್ಷಣೆ, ತೀರ್ಮಾನ ಎಂದು ಮೂರು ಕಾಲಂ. ಪರೀಕ್ಷೆಯ ದಿನ ಕೈಗೆ ಬರುವ ‘ಅನ್‌ನೋನ್’ ದ್ರಾವಣ ಗ್ಲೂಕೋಸೋ, ಫ್ರಕ್ಟೋಸೋ, ಸುಕ್ರೋಸೋ, ಪಿಷ್ಟವೋ ಎಂದು ಈ ಸಾಲು ಹಿಡಿದೇ ಪತ್ತೆ ಮಾಡಬೇಕು. ರೆಕಾರ್ಡಿನಲ್ಲಿ ಹೆಸರುಗಳಿವೆ, ಇಸವಿಗಳಿಲ್ಲ. ಯಾರು, ಯಾವಾಗ, ಯಾಕೆ ಈ ಪರೀಕ್ಷೆ ಕಂಡುಕೊಂಡರು ಎನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಕೊಟ್ಟೂರುಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಕೂತು ನಾನು ಹುಡುಕತೊಡಗಿದ್ದು ಆ ಖಾಲಿ ಜಾಗವನ್ನು ತುಂಬಲು.

ಹುಡುಕಿದಾಗ ಮೊದಲು ಗೊತ್ತಾಗುವುದು, ರೆಕಾರ್ಡಿನ ಕ್ರಮಕ್ಕೂ ಇತಿಹಾಸದ ಕ್ರಮಕ್ಕೂ ಸಂಬಂಧವಿಲ್ಲ ಎಂಬುದು. ಎಲ್ಲಕ್ಕಿಂತ ಹಳೆಯದು ಅಯೋಡಿನ್. ಆ ಮೂಲಧಾತು ಪತ್ತೆಯಾದದ್ದು 1811ರಲ್ಲಿ. ಮೂರೇ ವರ್ಷದಲ್ಲಿ, 1814ಕ್ಕೆ, ಫ್ರಾನ್ಸಿನ ಕೋಲಾಂ ಮತ್ತು ಗೋಲ್ತಿಯೆ ದ ಕ್ಲೋಬ್ರಿ ಅದು ಪಿಷ್ಟವನ್ನು ನೀಲಿ ಮಾಡುತ್ತದೆ ಎಂದು ಬರೆದಿದ್ದರು. ಸೇಲಂ ಕಡೆಯಿಂದ ಬರುವ ಸಬ್ಬಕ್ಕಿ ಬೇಯಿಸಿದ ನೀರಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಇವತ್ತೂ ಅದೇ ನೀಲಿ. ಕಾಯಿಸಿದರೆ ಬಣ್ಣ ಮಾಯ, ತಣಿದರೆ ವಾಪಸ್. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಸೇರಿಕೊಂಡಾಗ ನೀಲಿ, ಬಿಸಿಗೆ ಸುರುಳಿ ಸಡಿಲವಾದಾಗ ಅದು ಹೊರಗೆ. ಬಾರ್ಫೊಡ್ ಪರೀಕ್ಷೆ 1873ರದ್ದು, ಸೆಲಿವಾನೋವ್ 1887ರದ್ದು. ರೆಕಾರ್ಡಿನಲ್ಲಿ ಮೊದಲು ನಿಲ್ಲುವ ಮೋಲಿಶ್ ಇವೆರಡರ ನಡುವಿನವರು.

ಹನ್ಸ್ ಮೋಲಿಶ್ ವೈದ್ಯರೂ ಅಲ್ಲ, ಕಸುಬಿನಿಂದ ರಸಾಯನಶಾಸ್ತ್ರಜ್ಞರೂ ಅಲ್ಲ, ವಿಯೆನ್ನಾದ ಸಸ್ಯವಿಜ್ಞಾನಿ. 1886ರ ಅವರ ಜರ್ಮನ್ ಲೇಖನದ ತಲೆಬರಹ ನೋಡಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಸಕ್ಕರೆಯ ಎರಡು ಹೊಸ ಪ್ರತಿಕ್ರಿಯೆಗಳು ಎಂದಿದೆ ಅದರಲ್ಲಿ. ನಮ್ಮ ರೆಕಾರ್ಡುಗಳಲ್ಲಿ ಇರುವುದು ಒಂದೇ. ಆಲ್ಫಾ ನ್ಯಾಫ್ಥಾಲ್ ಬೆರೆಸಿದ ದ್ರಾವಣಕ್ಕೆ ಟೆಸ್ಟ್ ಟ್ಯೂಬನ್ನು ಓರೆ ಹಿಡಿದು, ಗೋಡೆಗುಂಟ ಗಾಢ ಗಂಧಕಾಮ್ಲ ಇಳಿಸಿದರೆ ಎರಡು ಪದರಗಳು ಸೇರುವಲ್ಲಿ ನೇರಳೆ ಉಂಗುರ ಮೂಡುತ್ತದೆ. ಆಮ್ಲ ಸಕ್ಕರೆಯಿಂದ ನೀರನ್ನು ಕಿತ್ತು ಫರ್ಫ್ಯೂರಾಲ್ ಜಾತಿಯ ವಸ್ತುವಾಗಿಸುತ್ತದೆ, ಅದು ನ್ಯಾಫ್ಥಾಲ್ ಜೊತೆ ಕೂಡಿ ಬಣ್ಣ ಕೊಡುತ್ತದೆ. ಪರೀಕ್ಷೆ ಎಷ್ಟು ಸೂಕ್ಷ್ಮವೆಂದರೆ ಶೋಧಕ ಕಾಗದದ ಒಂದು ಎಳೆ ಒಳಗೆ ಬಿದ್ದಿದ್ದರೂ ಸಾಕು, ಉಂಗುರ ಬಂದುಬಿಡುತ್ತದೆ. ಕಾಗದವೂ ಸೆಲ್ಯುಲೋಸ್ ತಾನೆ.

ಎರಡನೆಯ ಪ್ರತಿಕ್ರಿಯೆ ಯಾವುದು? ನ್ಯಾಫ್ಥಾಲ್ ಬದಲು ಥೈಮಾಲ್. ಆಗ ಬರುವುದು ನೇರಳೆಯಲ್ಲ, ಕಡು ಕೆಂಪು.

ಥೈಮಾಲ್ ಅಂದರೆ ನಮ್ಮ ಓಮದ ಸತ್ವ. ಮಗುವಿಗೆ ಹೊಟ್ಟೆನೋವು ಬಂದರೆ ಕರ್ನಾಟಕದ ಮನೆಗಳಲ್ಲೂ ಚೆನ್ನೈ ಮನೆಗಳಲ್ಲೂ ಕುಡಿಸುವ ಓಮದ ನೀರಿನ ಘಾಟು ಇದರದ್ದೇ. ಒಂದನೇ ಮಹಾಯುದ್ಧದವರೆಗೂ ಭಾರತದ ಓಮದ ಕಾಳು ಹಡಗಿನಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗಿ ಲೋಕಕ್ಕೆಲ್ಲ ಹಂಚಿಕೆಯಾಗುತ್ತಿತ್ತು. ಕೊಕ್ಕೆಹುಳುವಿಗೆ ಅದೇ ಮುಖ್ಯ ಮದ್ದು. ಯುದ್ಧ ಬಂದು ದಾರಿ ಮುಚ್ಚಿದಾಗ, ಕಾಳು ಬೆಳೆಯುವ ದೇಶದಲ್ಲೇ ಸತ್ವ ತೆಗೆಯುವ ಯೋಚನೆ ಶುರುವಾಯಿತು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಪದಾರ್ಥದ ಸತ್ವ ಸಕ್ಕರೆ ಪತ್ತೆಯ ಮೂಲ ಲೇಖನದಲ್ಲೇ ಇದೆ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಮೋಲಿಶ್ ಅವರೇ ಭಾರತಕ್ಕೆ ಬಂದಿದ್ದರು ಕೂಡ. 1928-29ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಲ್ಕತ್ತೆಯ ಬೋಸ್ ಸಂಸ್ಥೆಯಲ್ಲಿ ಜಗದೀಶಚಂದ್ರ ಬೋಸರ ಅತಿಥಿಯಾಗಿ ಕೆಲಸ ಮಾಡಿ ಹೋದರು.

ಬೆನೆಡಿಕ್ಟ್ ಅವರ ದಾಖಲೆ ಸಿಗುವುದು ಸುಲಭ. ಅಮೆರಿಕದ ‘ಜರ್ನಲ್ ಆಫ್ ಬಯಾಲಜಿಕಲ್ ಕೆಮಿಸ್ಟ್ರಿ’ಯ ಐದನೆಯ ಸಂಪುಟದಲ್ಲಿ ಮೂರೇ ಪುಟ, 485ರಿಂದ 487. ಬರೆದಾಗ ಸ್ಟ್ಯಾನ್ಲಿ ಬೆನೆಡಿಕ್ಟ್ ಅವರಿಗೆ ವಯಸ್ಸು 25ರ ಆಸುಪಾಸು. ಸಕ್ಕರೆ ಪತ್ತೆಗೆ ಅದಕ್ಕೂ ಮುಂಚೆ ಇದ್ದ ಫೇಲಿಂಗ್ ದ್ರಾವಣವನ್ನು ಎರಡು ಬಾಟಲಿಗಳಲ್ಲಿ ಬೇರೆ ಬೇರೆ ಇಟ್ಟು, ಬೇಕಾದಾಗ ಬೆರೆಸಬೇಕಿತ್ತು. ಅದರ ಬಲವಾದ ಕ್ಷಾರ, ಇರುವ ಅಲ್ಪಸ್ವಲ್ಪ ಸಕ್ಕರೆಯನ್ನೂ ಹಾಳುಮಾಡುತ್ತಿತ್ತು. ಬೆನೆಡಿಕ್ಟ್ ಕ್ಷಾರವನ್ನು ಸೌಮ್ಯಗೊಳಿಸಿದರು. ಒಂದು ಲೀಟರಿಗೆ 17.3 ಗ್ರಾಂ ಮೈಲುತುತ್ತ, 173 ಗ್ರಾಂ ಸೋಡಿಯಂ ಸಿಟ್ರೇಟ್, 100 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೊನೇಟ್. ಒಂದೇ ಬಾಟಲಿ, ಇಟ್ಟರೆ ಕೆಡದು. ಐದು ಮಿಲಿಲೀಟರಿಗೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ನೀಲಿ, ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು. ಬಣ್ಣ ಏರಿದಷ್ಟೂ ಸಕ್ಕರೆ ಹೆಚ್ಚು.

ಚೆನ್ನೈಗೆ ಈ ಬಣ್ಣಗಳು ಬರೀ ಪಾಠವಾಗಿರಲಿಲ್ಲ. 1948ರಲ್ಲಿ ಡಾ. ಎಂ. ವಿಶ್ವನಾಥನ್ ಇಲ್ಲಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೆಂದೇ ವಿಭಾಗ ತೆರೆದರು, 1954ರಲ್ಲಿ ರಾಯಪುರಂನಲ್ಲಿ ಆಸ್ಪತ್ರೆಯನ್ನೇ ಕಟ್ಟಿದರು. ಗ್ಲೂಕೋಮೀಟರ್ ಇಲ್ಲದ ಕಾಲದಲ್ಲಿ ಸ್ಪಿರಿಟ್ ದೀಪ, ಟೆಸ್ಟ್ ಟ್ಯೂಬು, ನೀಲಿ ದ್ರಾವಣ ಇವೇ ರೋಗಿಯ ಮನೆಯ ಪ್ರಯೋಗಾಲಯ.

ಆದರೆ ಇಟ್ಟಿಗೆ ಕೆಂಪು ಬಂದ ಮಾತ್ರಕ್ಕೆ ಗ್ಲೂಕೋಸ್ ಎನ್ನುವಂತಿಲ್ಲ. ಮೊಲೆಯೂಡಿಸುವ ತಾಯಿಯ ಮೂತ್ರದಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇಳಿದುಬರಬಹುದು. ಅದೂ ಬೆನೆಡಿಕ್ಟ್ ದ್ರಾವಣವನ್ನು ಬಣ್ಣಗೆಡಿಸುತ್ತದೆ. ಬಾಣಂತಿಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಬಿಟ್ಟರೆ? ಎಮಿಲ್ ಫಿಶರ್ 1884ರಲ್ಲಿ ಕೊಟ್ಟ ಫಿನೈಲ್ ಹೈಡ್ರಜೀನ್ ಪರೀಕ್ಷೆ, ಅಂದರೆ ರೆಕಾರ್ಡಿನ ಓಸಜೋನ್, ಇಲ್ಲಿ ಕೈ ಹಿಡಿಯುತ್ತದೆ. ಕುದಿಸಿ, ತಣಿಸಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಗ್ಲೂಕೋಸಿನದು ಹಳದಿ ಸೂಜಿಗಳ ಕಟ್ಟು, ಲ್ಯಾಕ್ಟೋಸಿನದು ಮುಳ್ಳುಮುಳ್ಳಾದ ಉಂಡೆ. ಫ್ರಕ್ಟೋಸಿಗೂ ಗ್ಲೂಕೋಸಿಗೂ ಮಾತ್ರ ಒಂದೇ ಸೂಜಿ. ಪ್ರತಿಕ್ರಿಯೆ ನಡೆಯುವ ಮೊದಲೆರಡು ಇಂಗಾಲಗಳಲ್ಲಷ್ಟೇ ಇವೆರಡಕ್ಕೂ ವ್ಯತ್ಯಾಸ. ಅವನ್ನು ಬೇರೆ ಮಾಡಲು ಸೆಲಿವಾನೋವ್ ಬೇಕು. ನನ್ನ ಮಟ್ಟಿಗೆ ಇಡೀ ರೆಕಾರ್ಡಿನಲ್ಲಿ ಅತ್ಯಂತ ಮಾನವೀಯವಾದ ಪುಟ ಓಸಜೋನಿನದು. ಈಗ ಎಷ್ಟೋ ಕಡೆ ಅದನ್ನು ಬರೀ ಚಿತ್ರ ತೋರಿಸಿ ಮುಗಿಸುತ್ತಾರೆ.

‘ಜರ್ನಲ್ ಆಫ್ ಬಯಾಲಜಿಕಲ್ ಕೆಮಿಸ್ಟ್ರಿ’ಯ ಹಳೆಯ ಸಂಪುಟಗಳಲ್ಲಿ ಮದ್ರಾಸಿನ ಒಂದು ಹೆಸರೂ ಎದುರಾಗುತ್ತದೆ: ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ. ಖಾದಿ ತೊಟ್ಟದ್ದಕ್ಕೆ ಪ್ರಾಧ್ಯಾಪಕರ ಮುನಿಸು ಕಟ್ಟಿಕೊಂಡು, ಎಂಬಿಬಿಎಸ್ ಕೈತಪ್ಪಿ ಎಲ್ಎಂಎಸ್ ಪಡೆದವರು. 1922ರಲ್ಲಿ ಬಾಸ್ಟನ್ ತಲುಪಿದ ಅವರು ಮುಂದೆ ಕೆಲಸ ಮಾಡಿದ್ದು ಹಾರ್ವರ್ಡ್‌ನಲ್ಲಿ ಆಟೋ ಫೋಲಿನ್ ಅವರ ಬಯೋಕೆಮಿಸ್ಟ್ರಿ ವಿಭಾಗದಲ್ಲಿ. ಫೋಲಿನ್ ಮತ್ತು ಅವರ ಸಹಲೇಖಕ ವು ರಕ್ತದ ಸಕ್ಕರೆ ಅಳೆದದ್ದು ಮಾಲಿಬ್ಡಿನಂನ ನೀಲಿ ಬಣ್ಣದಿಂದ. ಅದೇ ವಿಭಾಗದಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ 1925ರಲ್ಲಿ ರಂಜಕ ಅಳೆದದ್ದೂ ಅದೇ ನೀಲಿಯಿಂದ. ಬೆನೆಡಿಕ್ಟ್ ಬರೆದ ಪತ್ರಿಕೆಯಲ್ಲೇ ಆ ಲೇಖನವೂ ಅಚ್ಚಾಯಿತು.

ದಕ್ಷಿಣ ಕನ್ನಡ 1956ರವರೆಗೆ, ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಅಲ್ಲಿನ ಮಕ್ಕಳು ವೈದ್ಯಕೀಯ ಓದಲು ಈ ಊರಿಗೆ ಬರುತ್ತಿದ್ದರು. ಅಚ್ಚಾದ ಲೇಖನಗಳು ಇಂದು ಗ್ರಂಥಾಲಯದಲ್ಲೋ ಅಂತರಜಾಲದಲ್ಲೋ ಸಿಗುತ್ತವೆ, ಆದರೆ ಅಂಥ ವಿದ್ಯಾರ್ಥಿಗಳ ಕೈಬರಹದ ರೆಕಾರ್ಡ್ ಪುಸ್ತಕಗಳು ಇರುವುದು ಮನೆಗಳ ಅಟ್ಟದ ಮೇಲೆ. ನಿಮ್ಮ ಅಜ್ಜನದೋ ಅತ್ತೆಯದೋ ಅಂಥದೊಂದು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ರಸಾಯನಶಾಸ್ತ್ರ ಕಲಿಸುವವರು ಒಮ್ಮೆ ನ್ಯಾಫ್ಥಾಲ್ ಬದಲು ಥೈಮಾಲ್ ಹಾಕಿ, ಮೋಲಿಶ್ ಅವರ ಎರಡನೆಯ ಪ್ರತಿಕ್ರಿಯೆಯನ್ನೂ ಮಕ್ಕಳಿಗೆ ತೋರಿಸಿ.