ಹಾವೇರಿ ಸೀಮೆಯ ಮನೆ ಚಿತ್ರಸಂಗ್ರಹಗಳು: ಒಂದು ಚಾರಿತ್ರಿಕ ಅವಲೋಕನ

ಕನ್ನಡ ಚಲನಚಿತ್ರದ ಇತಿಹಾಸವನ್ನು ಬಹುಮಟ್ಟಿಗೆ ನಿರ್ಮಾಪಕರು, ನಿರ್ದೇಶಕರು, ಕಲಾವಿದರು ಹಾಗೂ ಚಿತ್ರಮಂದಿರಗಳನ್ನು ಆಧಾರವಾಗಿಟ್ಟುಕೊಂಡು ಬರೆಯಲಾಗಿದೆ. ಚಿತ್ರಮಂದಿರದ ಪ್ರದರ್ಶನ ಮುಗಿದ ಬಳಿಕ ಚಿತ್ರವೊಂದು ಪ್ರೇಕ್ಷಕನ ಮನೆಯನ್ನು ಸೇರಿದ್ದು, ಅಲ್ಲಿ ಮತ್ತೆ ಮತ್ತೆ ನೋಡಲ್ಪಟ್ಟದ್ದು ಅಧ್ಯಯನಕ್ಕೆ ಒಳಗಾಗಿರುವುದು ಕಡಿಮೆ. ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳ ಸೀಮೆಯನ್ನು ಗಮನದಲ್ಲಿರಿಸಿಕೊಂಡು, ಮನೆಗಳ ಕಪಾಟಿನಲ್ಲಿ ಉಳಿದ ವೀಡಿಯೊ ಕ್ಯಾಸೆಟ್ಟು ಹಾಗೂ ಅಡಕಮುದ್ರಿಕೆಗಳು ಚಾರಿತ್ರಿಕ ಆಕರಗಳೆನಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಹಾವೇರಿ ಜಿಲ್ಲೆಯು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶವು ಮುಂಬಯಿ ಆಡಳಿತಕ್ಕೆ ಸೇರಿತ್ತು. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿ, ಬೀಜ ಮತ್ತು ಬಟ್ಟೆ ವ್ಯಾಪಾರದ ರಾಣೇಬೆನ್ನೂರು, ಮೆಣಸಿನಕಾಯಿ ಪೇಟೆಯ ಬ್ಯಾಡಗಿ ಮೂರೂ ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗದಲ್ಲಿವೆ. ಪುಣೆ-ಬೆಂಗಳೂರು ಹೆದ್ದಾರಿಯೂ ಇದೇ ಸೀಮೆಯ ಮೂಲಕ ಹಾದುಹೋಗುತ್ತದೆ.

ಚಲನಚಿತ್ರದ ಇತಿಹಾಸದಲ್ಲಿ ಈ ಹೆದ್ದಾರಿಗೆ ವಿಶೇಷ ಸ್ಥಾನವಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಇದೇ ದಾರಿಯ ಕೊಲ್ಹಾಪುರದಲ್ಲಿ. ವೈ.ವಿ. ರಾವ್ ಅವರು ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಚಲನಚಿತ್ರಗಳನ್ನು ಕಾಪಿಡಲೆಂದು 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಭಂಡಾರವೂ ಇದೇ ದಾರಿಯ ತುದಿಯಾದ ಪುಣೆಯಲ್ಲಿದೆ. ಅಲ್ಲಿಯೂ 2003ರ ಜನವರಿ 8ರಂದು ಸಂಭವಿಸಿದ ಅಗ್ನಿ ಅನಾಹುತದಲ್ಲಿ ನೈಟ್ರೇಟ್ ಫಿಲ್ಮಿನ ಅನೇಕ ಹಳೆಯ ಪ್ರತಿಗಳು ನಾಶವಾದವು. ಒಂದೇ ಪ್ರತಿ, ಒಂದೇ ಸ್ಥಳ ಎಂಬ ಸ್ಥಿತಿಯು ಚಿತ್ರವೊಂದರ ಉಳಿವಿಗೆ ಎಷ್ಟು ಅಪಾಯಕರವೆಂಬುದನ್ನು ಈ ಎರಡು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ. ಚದುರಿದ ಮನೆ ಸಂಗ್ರಹಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕಾಗಿದೆ.

ಚಿತ್ರವು ಮನೆಯ ವಸ್ತುವಾದದ್ದು ವೀಡಿಯೊ ಕ್ಯಾಸೆಟ್ಟಿನಿಂದ. ಜಪಾನಿನಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂದ ವಿ.ಎಚ್.ಎಸ್. ಮಾದರಿಯು, 1982ರಲ್ಲಿ ದೂರದರ್ಶನವು ವರ್ಣ ಪ್ರಸಾರವನ್ನು ಆರಂಭಿಸಿದ ತರುವಾಯ ಭಾರತದಲ್ಲಿ ವ್ಯಾಪಕವಾಯಿತು. ಸಣ್ಣ ಪಟ್ಟಣಗಳಲ್ಲಿ ವಿ.ಸಿ.ಆರ್. ಕೊಳ್ಳಬಲ್ಲ ಕುಟುಂಬಗಳು ಕೆಲವೇ ಇದ್ದವು. ಆದುದರಿಂದ ವೀಡಿಯೊ ಲೈಬ್ರರಿಗಳಿಂದ ಯಂತ್ರ, ದೂರದರ್ಶನ ಪೆಟ್ಟಿಗೆ ಮತ್ತು ಕ್ಯಾಸೆಟ್ಟುಗಳನ್ನು ಒಂದು ದಿನದ ಬಾಡಿಗೆಗೆ ತಂದು, ಮದುವೆ, ಗಣೇಶೋತ್ಸವ, ಜಾತ್ರೆಗಳ ಸಂದರ್ಭದಲ್ಲಿ ಬೆಳಗಿನವರೆಗೂ ಚಿತ್ರ ನೋಡುವ ರೂಢಿ ಬೆಳೆಯಿತು. ಸ್ವಂತ ಸಂಗ್ರಹವು ಬಂದದ್ದು ಅದರ ನಂತರ. ಮೂರು ಗಂಟೆಯ ಕ್ಯಾಸೆಟ್ಟೊಂದರಲ್ಲಿ ಎರಡೂವರೆ ಗಂಟೆಯ ಕನ್ನಡ ಚಿತ್ರ ಪೂರ್ಣವಾಗಿ ಅಡಕವಾಗುತ್ತಿತ್ತು. ಮದುವೆಯ ಕ್ಯಾಸೆಟ್ಟು ಮತ್ತು ಮೆಚ್ಚಿನ ಚಿತ್ರದ ಕ್ಯಾಸೆಟ್ಟು ಒಂದೇ ಕಪಾಟಿನಲ್ಲಿ ನೆಲೆಗೊಂಡವು.

ಸಂಶೋಧಕನಿಗೆ ಕ್ಯಾಸೆಟ್ಟಿನ ಹೊದಿಕೆಯೇ ಮೊದಲ ದಾಖಲೆ. ಕಳ್ಳಪ್ರತಿಗಳ ಹಾವಳಿಯನ್ನು ತಡೆಯಲು 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು, 52ಎ ಕಲಮನ್ನು ಸೇರಿಸಲಾಯಿತು. ಇದರನ್ವಯ ವೀಡಿಯೊ ಪ್ರತಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಹಕ್ಕುದಾರರ ವಿವರ, ಸೆನ್ಸಾರ್ ಪ್ರಮಾಣಪತ್ರದ ಪ್ರತಿ ಇರಬೇಕಾಯಿತು. ಅಧಿಕೃತ ಪ್ರತಿ ಯಾವುದು, ಅಕ್ರಮ ಪ್ರತಿ ಯಾವುದು ಎಂಬುದನ್ನು ಬೇರ್ಪಡಿಸಲು ಈ ವಿವರಗಳು ನೆರವಾಗುತ್ತವೆ. ದೂರದರ್ಶನದಿಂದ ಮನೆಯಲ್ಲಿಯೇ ಧ್ವನಿಚಿತ್ರಿಸಿಕೊಂಡ ಟೇಪುಗಳಲ್ಲಿ ಚಿತ್ರದ ಜೊತೆಗೆ ಅಂದಿನ ಜಾಹೀರಾತು, ಪ್ರಕಟಣೆಗಳೂ ಉಳಿದಿರುವುದುಂಟು.

ಚಿತ್ರದ ಆರಂಭದಲ್ಲಿ ಕಾಣುವ ಪ್ರಮಾಣಪತ್ರವು ಇನ್ನೊಂದು ಪರೀಕ್ಷೆಗೂ ಅವಕಾಶ ನೀಡುತ್ತದೆ. ಅದರಲ್ಲಿ ಚಿತ್ರದ ಉದ್ದವನ್ನು ನಮೂದಿಸಲಾಗಿರುತ್ತದೆ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ ಸುಮಾರು 27.4 ಮೀಟರಿನಂತೆ ಓಡುವುದರಿಂದ, 4000 ಮೀಟರಿನ ಚಿತ್ರವು ಮಂದಿರದಲ್ಲಿ ಸುಮಾರು 146 ನಿಮಿಷ ನಡೆಯುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳಂತೆ ವರ್ಗಾಯಿಸಿದ ವೀಡಿಯೊದಲ್ಲಿ ಅದೇ ಚಿತ್ರ ಸುಮಾರು 140 ನಿಮಿಷಕ್ಕೆ ಮುಗಿಯುತ್ತದೆ. ಮನೆಯ ಪ್ರತಿಯ ಅವಧಿ ಇದಕ್ಕಿಂತ ಬಹಳ ಕಡಿಮೆಯಿದ್ದಲ್ಲಿ ಹಾಡು ಅಥವಾ ದೃಶ್ಯ ಕತ್ತರಿಸಲ್ಪಟ್ಟಿದೆಯೆಂದು ಊಹಿಸಬಹುದು. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸುವ ಗ್ರಂಥಸಂಪಾದನೆಯ ಕ್ರಮಕ್ಕೆ ಇದು ಸಮೀಪದ್ದು.

ಮರುವೀಕ್ಷಣೆಯ ಗುರುತೂ ಟೇಪಿನಲ್ಲಿಯೇ ಉಳಿಯುತ್ತದೆ. ಹಿಂದಕ್ಕೆ ಸುತ್ತಿ ಪದೇ ಪದೇ ನೋಡಿದ ಭಾಗದಲ್ಲಿ ಕಾಂತಲೇಪನ ಸವೆದು ಚಿತ್ರದಲ್ಲಿ ಗೆರೆಗಳು ಮೂಡುತ್ತವೆ. ಕುಟುಂಬವೊಂದು ಯಾವ ದೃಶ್ಯವನ್ನು ಮೆಚ್ಚಿತ್ತು ಎಂಬುದನ್ನು ಆ ಸವೆತವೇ ತಿಳಿಸಬಲ್ಲದು. ಕ್ಯಾಸೆಟ್ಟಿನ ಬದಿಯ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದಿದ್ದರೆ, ಅದರ ಮೇಲೆ ಬೇರೇನನ್ನೂ ಮುದ್ರಿಸಕೂಡದೆಂಬ ಒಡೆಯನ ಸಂಕಲ್ಪ ವ್ಯಕ್ತವಾಗುತ್ತದೆ.

ಮತ್ತೆ ಮತ್ತೆ ನೋಡುವ ಪ್ರವೃತ್ತಿಯು ಯಂತ್ರದಿಂದ ಹುಟ್ಟಿದ್ದಲ್ಲ. ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕಗಳ ಪ್ರೇಕ್ಷಕನಿಗೆ ಕಥೆ ಮೊದಲೇ ತಿಳಿದಿರುತ್ತಿತ್ತು. ಮುಂದೇನಾಗುವುದೆಂಬ ಕುತೂಹಲಕ್ಕಿಂತ ಹೇಗೆ ಹಾಡುವರು, ಹೇಗೆ ಆಡುವರು ಎಂಬುದೇ ಅವನಿಗೆ ಮುಖ್ಯವಾಗಿತ್ತು. ಈ ಜಿಲ್ಲೆಗೆ ಸಂಬಂಧಿಸಿದ ಮೂವರು ಮಹನೀಯರ ಚಿತ್ರಗಳು ಇದಕ್ಕೆ ನಿದರ್ಶನವಾಗಿವೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಜನಿಸಿ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯೊಡನೆ ಹೆಸರು ಬೆಸೆದುಕೊಂಡ ಕನಕದಾಸರನ್ನು ಕುರಿತು ವೈ.ಆರ್. ಸ್ವಾಮಿಯವರ ‘ಭಕ್ತ ಕನಕದಾಸ’ 1960ರಲ್ಲಿ ಬಂದಿತು. ಹಿರೇಕೆರೂರು ಸೀಮೆಯ ಸರ್ವಜ್ಞನನ್ನು ಕುರಿತ ‘ಸರ್ವಜ್ಞಮೂರ್ತಿ’ 1965ರಲ್ಲಿ ತೆರೆಕಂಡಿತು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ಬಿಡುಗಡೆಯಾಯಿತು. ಶ್ರೀಧರ್, ಗಿರೀಶ ಕಾರ್ನಾಡ ಅವರ ಅಭಿನಯ ಮತ್ತು ಸಿ. ಅಶ್ವಥ್ ಅವರ ಸಂಗೀತವಿದ್ದ ಈ ಚಿತ್ರವು ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿಗೆ ಪಾತ್ರವಾಯಿತು. ಕೀರ್ತನೆ, ತ್ರಿಪದಿ, ತತ್ತ್ವಪದಗಳು ಜನರ ನಾಲಿಗೆಯ ಮೇಲಿದ್ದ ಸೀಮೆಯಲ್ಲಿ ಇಂತಹ ಚಿತ್ರಗಳನ್ನು ಮನೆಯಲ್ಲಿ ನೋಡುವುದು ಪಾರಾಯಣದ ಮುಂದುವರಿಕೆಯೆನಿಸುತ್ತದೆ.

1990ರ ದಶಕದ ಕೊನೆಯಲ್ಲಿ ವಿ.ಸಿ.ಡಿ. ಪ್ರಚಾರಕ್ಕೆ ಬಂದು ಸಂಗ್ರಹವು ಸಾಮಾನ್ಯ ಕುಟುಂಬಗಳ ಕೈಗೆಟುಕಿತು. ಒಂದು ಮುದ್ರಿಕೆಯ ಧಾರಣಶಕ್ತಿ ಸುಮಾರು 74 ನಿಮಿಷವಾದುದರಿಂದ ಒಂದು ಚಿತ್ರಕ್ಕೆ ಎರಡು ಅಥವಾ ಮೂರು ಮುದ್ರಿಕೆಗಳು ಬೇಕಾಗುತ್ತಿದ್ದವು. ಮೋಸರ್ ಬೇರ್ ಸಂಸ್ಥೆಯು 2007ರ ವೇಳೆಗೆ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿದ್ದರಿಂದ ಬಾಡಿಗೆಗೆ ತರುವುದಕ್ಕಿಂತ ಕೊಂಡಿಡುವುದೇ ಸುಲಭವಾಯಿತು. ಆ ಯುಗವೂ ಬೇಗನೆ ಮುಗಿಯಿತು. ಜಪಾನಿನ ಫುನಾಯಿ ಸಂಸ್ಥೆಯು 2016ರ ಜುಲೈನಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ, ಲೇಪನ ಉದುರುತ್ತದೆ. ಟೇಪು ಸುಸ್ಥಿತಿಯಲ್ಲಿದ್ದರೂ ಅದನ್ನು ಓದಬಲ್ಲ ಯಂತ್ರ ದೊರೆಯುವುದು ದುರ್ಲಭವಾಗುತ್ತಿದೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರವು ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಮೂಲ ನೆಗೆಟಿವ್ ಉಳಿದಿದ್ದುದರಿಂದ ಅದು ಸಾಧ್ಯವಾಯಿತು. ಮನೆಯ ಕ್ಯಾಸೆಟ್ಟು ಎಂದಿಗೂ ನೆಗೆಟಿವಿಗೆ ಸಮನಲ್ಲ. ಆದರೆ ನೆಗೆಟಿವ್ ನಾಶವಾದ ಚಿತ್ರಕ್ಕೆ ಅದೇ ಕೊನೆಯ ಸಾಕ್ಷಿಯಾಗಬಹುದು. ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ 1954ರ ಕಾಯಿದೆಯ ವ್ಯಾಪ್ತಿಯಲ್ಲಿ ಚಲನಚಿತ್ರಗಳು ಸೇರಿಲ್ಲ. ಹೀಗಾಗಿ ಜಿಲ್ಲಾ ಮಟ್ಟದ ಗ್ರಂಥಾಲಯಗಳಿಗೆ ಚಿತ್ರಗಳು ತಾವಾಗಿ ಬರುವ ಮಾರ್ಗವಿಲ್ಲ.

ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯು ಒಂದು ದಾರಿಯನ್ನು ತೆರೆದಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಕೃತಿಯೊಂದರ ಡಿಜಿಟಲೇತರ ಪ್ರತಿಯನ್ನು ಈಗಾಗಲೇ ಹೊಂದಿದ್ದಲ್ಲಿ, ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಬಹುದು. ದಾನವಾಗಿ ಬಂದ ಅಧಿಕೃತ ವಿ.ಎಚ್.ಎಸ್. ಕ್ಯಾಸೆಟ್ಟಿಗೆ ಈ ಅವಕಾಶ ಅನ್ವಯಿಸುತ್ತದೆ. ವಿ.ಸಿ.ಡಿ.ಯು ಸ್ವತಃ ಡಿಜಿಟಲ್ ಆದುದರಿಂದ ಅನ್ವಯಿಸದು. ಆದುದರಿಂದ ಮೊದಲ ಆದ್ಯತೆ ಕ್ಯಾಸೆಟ್ಟುಗಳಿಗೆ ಸಲ್ಲಬೇಕು.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ, ಮೂರು ಪಟ್ಟಣಗಳ ಸಾರ್ವಜನಿಕ ಗ್ರಂಥಾಲಯಗಳೂ ಮನೆ ಸಂಗ್ರಹಗಳ ಸಮೀಕ್ಷೆಯನ್ನು ಕೈಗೊಳ್ಳುವುದು ಉಚಿತವಾಗಿದೆ. ಚಿತ್ರದ ಹೆಸರಿನೊಡನೆ ಹೊದಿಕೆಯ ವಿವರ, ಅವಧಿ, ಸವೆತದ ಸ್ಥಾನ, ಕೊಂಡ ಸಂದರ್ಭ, ಜೊತೆಯಲ್ಲಿ ನೋಡಿದವರ ನೆನಪು ಇವೆಲ್ಲವೂ ದಾಖಲಾಗಬೇಕು. ಕ್ಯಾಸೆಟ್ಟುಗಳನ್ನು ಕೊಂಡು ಕಾಪಾಡಿದ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಮನೆ ಬದಲಿಸುವಾಗ, ಗೋಡೆಗೆ ಸುಣ್ಣ ಬಳಿಯುವಾಗ ಮೊದಲು ಹೊರಬೀಳುವ ವಸ್ತುಗಳಲ್ಲಿ ಈ ಕ್ಯಾಸೆಟ್ಟುಗಳೂ ಸೇರಿವೆ. ‘ಸತಿ ಸುಲೋಚನ’ಕ್ಕೆ ಒದಗಿದ ಗತಿ ಉಳಿದವುಗಳಿಗೆ ಒದಗದಂತೆ ನೋಡಿಕೊಳ್ಳುವುದು ಇತಿಹಾಸಾಸಕ್ತರೆಲ್ಲರ ಹೊಣೆಯಾಗಿದೆ.