ಮರಣದ ನಂತರ ಜೀವ ಎಲ್ಲಿಗೆ ಹೋಗುತ್ತದೆ? ಪುನರ್ಜನ್ಮದ ಬಗ್ಗೆ ಜೈನ ಸಿದ್ಧಾಂತ

ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಅಜ್ಜಿ ಈಗ ಎಲ್ಲಿದ್ದಾರೆ?” ಎಷ್ಟೋ ಜೈನ ಮನೆಗಳಲ್ಲೂ ಇದಕ್ಕೆ “ದೇವರ ಹತ್ತಿರ ಹೋದರು” ಎಂಬ ಉತ್ತರ ಸಿಗುತ್ತದೆ. ಅದು ಮಗುವಿಗೆ ಸಮಾಧಾನ ಕೊಡಬಹುದು. ಆದರೆ ಜೈನ ಸಿದ್ಧಾಂತ ಹೇಳುವುದು ಬೇರೆ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ಭಾರತದಲ್ಲಿ ಸುಮಾರು 30,000 ಜನರನ್ನು ಮಾತನಾಡಿಸಿ 2021ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಹಿಂದೂಗಳಲ್ಲಿ ಶೇ. 77ರಷ್ಟು ಜನ ಕರ್ಮವನ್ನು ನಂಬುತ್ತಾರೆ. ಪುನರ್ಜನ್ಮವನ್ನು ನಂಬುವವರು ಶೇ. 40 ಮಾತ್ರ. ಕರ್ಮವನ್ನು ಒಪ್ಪಿ ಪುನರ್ಜನ್ಮವನ್ನು ಬಿಡುವ ಈ ರೀತಿಗೆ ಜೈನ ಸಿದ್ಧಾಂತದಲ್ಲಿ ಜಾಗವಿಲ್ಲ. ಕಟ್ಟಿಕೊಂಡ ಕರ್ಮವನ್ನು ಆ ಜೀವವೇ ಅನುಭವಿಸಬೇಕು ಅಥವಾ ನಿರ್ಜರೆ ಮಾಡಿಕೊಳ್ಳಬೇಕು. ಈ ಜನ್ಮದಲ್ಲಿ ಮುಗಿಯದಿದ್ದರೆ ಮುಂದಿನ ಜನ್ಮ ಇರಲೇಬೇಕು.

ಒಂದು ಶರೀರದಿಂದ ಇನ್ನೊಂದಕ್ಕೆ

ಜೀವಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಮರಣವೆಂದರೆ ಈ ಭವದ ಆಯುಕರ್ಮ ಮುಗಿಯುವುದು. ಆಗ ಜೀವವು ಸ್ಥೂಲ ಶರೀರವನ್ನು ಬಿಟ್ಟು, ಸೂಕ್ಷ್ಮವಾದ ತೈಜಸ ಮತ್ತು ಕಾರ್ಮಣ ಶರೀರಗಳೊಂದಿಗೆ ಮುಂದಿನ ಜನ್ಮಸ್ಥಾನದತ್ತ ಸಾಗುತ್ತದೆ. ಇದೇ ವಿಗ್ರಹಗತಿ.

ಈ ಪ್ರಯಾಣಕ್ಕೆ ಹಿಡಿಯುವ ಕಾಲವನ್ನು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ತಿಳಿಸುತ್ತದೆ. ದಾರಿ ನೇರವಾಗಿದ್ದರೆ ಒಂದೇ ಸಮಯ. ತಿರುವುಗಳಿದ್ದರೆ ಹೆಚ್ಚೆಂದರೆ ನಾಲ್ಕು ಸಮಯ. ಇಲ್ಲಿ ‘ಸಮಯ’ವೆಂದರೆ ಕಾಲದ ಅತಿ ಚಿಕ್ಕ ಘಟಕ, ಕಣ್ಣು ಮಿಟುಕಿಸುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ.

ಅಂದರೆ ಮನೆಯವರು ಅಳಲು ಆರಂಭಿಸುವ ಮೊದಲೇ ಆ ಜೀವ ಹೊಸ ಭವವನ್ನು ಸೇರಿರುತ್ತದೆ. ಅದು ಮನೆಯ ಸುತ್ತ ಅಲೆಯುವುದಿಲ್ಲ, ಅನ್ನನೀರಿಗಾಗಿ ಕಾಯುವುದೂ ಇಲ್ಲ. ಪಿಂಡದಾನ, ಶ್ರಾದ್ಧಗಳಿಗೆ ಜೈನ ಸಿದ್ಧಾಂತದಲ್ಲಿ ಆಧಾರವಿಲ್ಲದಿರುವುದು ಇದರಿಂದಲೇ. ಸೂತಕದ ಆಚರಣೆಯೂ ಮನೆಯವರ ಶುದ್ಧಿಗೆ ಸಂಬಂಧಿಸಿದ್ದು, ಹೋದ ಜೀವದ ಪ್ರಯಾಣಕ್ಕಲ್ಲ.

ನಾಲ್ಕು ಗತಿ, ನಾಲ್ಕು ಕಾರಣ

ಹುಟ್ಟಲು ಇರುವ ಗತಿಗಳು ನಾಲ್ಕು. ಅವುಗಳ ಆಯುಬಂಧದ ಕಾರಣಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿವೆ.

ನರಕಗತಿ: ಅತಿಯಾದ ಆರಂಭ (ಹಿಂಸೆಗೆ ಎಡೆಯಾಗುವ ಕೆಲಸ) ಮತ್ತು ಪರಿಗ್ರಹ.
ತಿರ್ಯಂಚಗತಿ: ಮಾಯೆ, ಅಂದರೆ ಕಪಟ.
ಮನುಷ್ಯಗತಿ: ಅಲ್ಪ ಆರಂಭ, ಅಲ್ಪ ಪರಿಗ್ರಹ, ಸಹಜವಾದ ಮೃದು ಸ್ವಭಾವ.
ದೇವಗತಿ: ಸರಾಗ ಸಂಯಮ, ಶ್ರಾವಕವ್ರತ, ಅಕಾಮ ನಿರ್ಜರೆ, ಬಾಲತಪ ಮತ್ತು ಸಮ್ಯಕ್ತ್ವ.

ಸ್ವರ್ಗವೂ ಇಲ್ಲಿ ಕೊನೆಯ ನಿಲ್ದಾಣವಲ್ಲ. ಆಯುಷ್ಯ ಮುಗಿದೊಡನೆ ದೇವನೂ ಮನುಷ್ಯನಾಗಿ ಅಥವಾ ತಿರ್ಯಂಚನಾಗಿ ಹುಟ್ಟಬೇಕು. ಎಲ್ಲ ಕರ್ಮಗಳೂ ಕ್ಷಯವಾದ ಸಿದ್ಧಜೀವ ಮಾತ್ರ ಲೋಕಾಗ್ರವನ್ನು ಸೇರಿ ಮರಳಿ ಹುಟ್ಟುವುದಿಲ್ಲ. ಈ ಪಂಚಮ ಕಾಲದಲ್ಲಿ ಹುಟ್ಟಿದವರಿಗೆ ಭರತಕ್ಷೇತ್ರದಿಂದ ನೇರ ಮೋಕ್ಷವಿಲ್ಲ. ಆದ್ದರಿಂದ ತೀರಿಕೊಂಡವರನ್ನು ‘ಸ್ವರ್ಗಸ್ಥರಾದರು’, ‘ಜಿನೈಕ್ಯರಾದರು’ ಎನ್ನುವುದು ಗೌರವದ ಮಾತೇ ಹೊರತು ಗತಿಯ ನಿರ್ಣಯವಲ್ಲ.

ಮುಂದಿನ ಆಯುಷ್ಯದ ಬಂಧ ಯಾವಾಗ?

ಕರ್ಮಭೂಮಿಯ ಮನುಷ್ಯರಿಗೆ ಜೀವಿತದ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ ಮುಂದಿನ ಭವದ ಆಯುಬಂಧಕ್ಕೆ ಅವಕಾಶ ಬರುತ್ತದೆ. ಆಗ ಆಗದಿದ್ದರೆ ಉಳಿದುದರ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ ಮತ್ತೆ. ಹೀಗೆ ಒಟ್ಟು ಎಂಟು ಬಾರಿ. ಇವನ್ನು ಅಪಕರ್ಷ ಕಾಲಗಳೆನ್ನುತ್ತಾರೆ.

81 ವರ್ಷ ಆಯುಷ್ಯವಿರುವವರನ್ನು ತೆಗೆದುಕೊಂಡರೆ ಮೊದಲ ಅವಕಾಶ 54ನೇ ವರ್ಷಕ್ಕೆ, ನಂತರದವು 72, 78 ಮತ್ತು 80ನೇ ವರ್ಷಕ್ಕೆ. ಐದನೆಯದು ಸಾವಿಗೆ 4 ತಿಂಗಳಿರುವಾಗ, ಆರನೆಯದು 40 ದಿನವಿರುವಾಗ. ಎಂಟರಲ್ಲೂ ಬಂಧವಾಗದಿದ್ದರೆ ಕೊನೆಯ ಅಂತರ್ಮುಹೂರ್ತದಲ್ಲಿ ಆಗಿಯೇ ಆಗುತ್ತದೆ. ತನ್ನ ಆಯುಷ್ಯ ಎಷ್ಟೆಂದು ಯಾರಿಗೂ ಗೊತ್ತಿಲ್ಲ. 60 ವರ್ಷ ಬದುಕುವವನಿಗೆ ಮೊದಲ ಅವಕಾಶ 40ಕ್ಕೇ ಬಂದಿರುತ್ತದೆ. “ಧರ್ಮ ವಯಸ್ಸಾದ ಮೇಲೆ” ಎನ್ನುವವರಿಗೆ ಈ ಲೆಕ್ಕವೇ ಉತ್ತರ.

ಒಮ್ಮೆ ಕಟ್ಟಿದ ಗತಿಯ ಆಯು ಬದಲಾಗುವುದಿಲ್ಲ, ಅದರ ಅವಧಿ ಕಡಿಮೆಯಾಗಬಹುದು. ಇದಕ್ಕೆ ಶ್ರೇಣಿಕ ಮಹಾರಾಜನೇ ಉದಾಹರಣೆ. ದಿಗಂಬರ ಪರಂಪರೆಯ ಕಥೆಯಂತೆ, ಧ್ಯಾನದಲ್ಲಿದ್ದ ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವನ್ನು ಹಾಕಿ ಅವನು ಏಳನೆಯ ನರಕದ ಆಯುವನ್ನು ಕಟ್ಟಿಕೊಂಡ. ಮುಂದೆ ಕ್ಷಾಯಿಕ ಸಮ್ಯಕ್ತ್ವ ಪಡೆದುದರಿಂದ ಅದು ಮೊದಲ ನರಕದ 84,000 ವರ್ಷಗಳಿಗೆ ಇಳಿಯಿತು. ಆದರೆ ನರಕ ತಪ್ಪಲಿಲ್ಲ, ಅವನು ಭಗವಾನ್ ಮಹಾವೀರರ ಸಮವಸರಣದ ಮುಖ್ಯ ಶ್ರೋತೃವಾಗಿದ್ದರೂ.

ಕೊನೆಯ ಗಳಿಗೆಯ ಪರಿಣಾಮ

ಭಗವಾನ್ ಪಾರ್ಶ್ವನಾಥರ ಜೀವ ಹಿಂದೆ ಮರುಭೂತಿಯಾಗಿದ್ದಾಗ ಅಣ್ಣ ಕಮಠನ ಕೈಯಿಂದ ಹತನಾಗಿ, ಆರ್ತಧ್ಯಾನದಿಂದ ಸತ್ತು ಆನೆಯಾಗಿ ಹುಟ್ಟಿತು. ಅದೇ ಆನೆ ಅರವಿಂದ ಮುನಿಗಳನ್ನು ಕಂಡು ಜಾತಿಸ್ಮರಣೆ ಪಡೆದು, ವ್ರತ ಹಿಡಿದು, ಶಾಂತಭಾವದಿಂದ ಸತ್ತು ದೇವನಾಯಿತು. ಮನುಷ್ಯನಾಗಿದ್ದವನು ಪ್ರಾಣಿಯಾದ, ಪ್ರಾಣಿಯಾಗಿದ್ದದ್ದು ದೇವನಾಯಿತು. ವ್ಯತ್ಯಾಸ ಮಾಡಿದ್ದು ಪರಿಣಾಮ, ಅಂದರೆ ಜೀವದ ಭಾವ.

ಸಲ್ಲೇಖನದ ಉದ್ದೇಶವೂ ಕಷಾಯಗಳನ್ನು ಕ್ಷೀಣಗೊಳಿಸಿ ಶಾಂತ ಪರಿಣಾಮದಿಂದ ದೇಹವನ್ನು ಬಿಡುವುದೇ. ಶ್ರವಣಬೆಳಗೊಳದ ಚಂದ್ರಗಿರಿಯ ನಿಷಿಧಿ ಶಾಸನಗಳು ಇದಕ್ಕೆ ಸಾಕ್ಷಿ. ರಾಷ್ಟ್ರಕೂಟರ ನಾಲ್ಕನೇ ಇಂದ್ರನು 982ರಲ್ಲಿ ಅಲ್ಲಿಯೇ ಈ ವ್ರತದಿಂದ ದೇಹ ಬಿಟ್ಟನು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ದೇಶದಾದ್ಯಂತ ಜೈನರು ಪ್ರತಿಭಟಿಸಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಈ ವ್ರತಕ್ಕೆ ಐದು ಅತಿಚಾರಗಳಿವೆ: ಇನ್ನಷ್ಟು ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರರ ಮೇಲಿನ ಮೋಹ, ಉಂಡ ಸುಖಗಳ ನೆನಪು ಮತ್ತು ನಿದಾನ. ನಿದಾನವೆಂದರೆ ಮುಂದಿನ ಜನ್ಮದಲ್ಲಿ ಭೋಗ ಸಿಗಲಿ ಎಂಬ ಬಯಕೆ. ಪುನರ್ಜನ್ಮವನ್ನು ನಂಬಬೇಕು, ಆದರೆ ಒಳ್ಳೆಯ ಜನ್ಮಕ್ಕಾಗಿ ವ್ರತವನ್ನು ಮಾರಿಕೊಳ್ಳಬಾರದು ಎಂಬುದು ಇದರ ತಾತ್ಪರ್ಯ.

ಮನೆಯವರು ಏನು ಮಾಡಬಹುದು?

ಮಾಡಬಹುದಾದ ಸಹಾಯವೆಲ್ಲ ಜೀವ ಇರುವಾಗಲೇ. ಉರಿಯುವ ಕಟ್ಟಿಗೆಯೊಳಗಿದ್ದ ಸರ್ಪಗಳಿಗೆ ಪಾರ್ಶ್ವಕುಮಾರರು ಕೊನೆಯ ಗಳಿಗೆಯಲ್ಲಿ ಮಂತ್ರ ಕೇಳಿಸಿದರು, ಅವು ಧರಣೇಂದ್ರ–ಪದ್ಮಾವತಿಯರಾದವು. ಹೊಂಬುಜದಲ್ಲಿ ಪದ್ಮಾವತಿ ದೇವಿಗೆ ಕೈಮುಗಿಯುವವರೆಲ್ಲರೂ ಬಲ್ಲ ಕಥೆಯಿದು. ಹಿರಿಯರ ಹಾಸಿಗೆಯ ಬಳಿ ಆಸ್ತಿಯ ಮಾತು, ಹಳೆಯ ಜಗಳ, ಗೋಳಾಟ ಬೇಡ. ಕ್ಷಮೆ ಕೇಳಿ, ಕ್ಷಮಿಸಿ, ಪಂಚನಮಸ್ಕಾರ ಮಂತ್ರವನ್ನು ಮೆಲ್ಲಗೆ ಕೇಳಿಸಬೇಕು. ನಂತರ ಅವರ ನೆನಪಿನಲ್ಲಿ ಮಾಡುವ ಪೂಜೆ, ಆಹಾರದಾನ, ಶಾಸ್ತ್ರದಾನಗಳು ಒಳ್ಳೆಯವೇ. ಅವುಗಳ ಪುಣ್ಯ ಮಾಡಿದವರಿಗೆ.

ಇದನ್ನು ಮರೆತರೆ ಏನಾಗುತ್ತದೆಂದು ಯಶೋಧರನ ಕಥೆ ತೋರಿಸುತ್ತದೆ. ಕನ್ನಡದಲ್ಲಿ ಇದನ್ನು ಹೇಳಿದವನು 13ನೇ ಶತಮಾನದ ಕವಿ ಜನ್ನ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ನವಿಲು, ನಾಯಿ ಮೊದಲಾದ ಭವಗಳಲ್ಲಿ ತೊಳಲುತ್ತಾರೆ. ಮೀನಾಗಿ ಹುಟ್ಟಿದ ಯಶೋಧರನನ್ನು ಅವನ ಮನೆಯವರೇ ಅವನ ಹೆಸರಿನ ಶ್ರಾದ್ಧಕ್ಕೆ ಅಡುಗೆ ಮಾಡುತ್ತಾರೆ.

ಮಗುವಿನ ಪ್ರಶ್ನೆಗೆ ಹೀಗೆ ಉತ್ತರಿಸಬಹುದು: “ಅಜ್ಜಿಯ ಜೀವ ಬೇರೆ ಕಡೆ ಹುಟ್ಟಿದೆ. ಎಲ್ಲಿ ಎಂದು ನಮಗೆ ಗೊತ್ತಿಲ್ಲ. ಅದಕ್ಕೇ ಯಾವ ಜೀವವನ್ನೂ ನೋಯಿಸಬಾರದು.”