ಮಂಡೂಕಸೂಕ್ತದ ಕೊನೆಯ ಋಕ್ಕು: ಮಳೆಯ ಮಂತ್ರವೋ, ವಸಿಷ್ಠರ ಗೇಲಿಯೋ?

ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತಕ್ಕೆ ಕಪ್ಪೆಗಳೇ ದೇವತೆ. ಹತ್ತೇ ಋಕ್ಕುಗಳ ಈ ರಚನೆಯನ್ನು ಮ್ಯಾಕ್ಸ್ ಮುಲ್ಲರ್ 1859ರಲ್ಲಿ ಪುರೋಹಿತರ ಮೇಲಿನ ವಿಡಂಬನೆ ಎಂದು ಸಾರಿದರು. ಗ್ರೀಕರು ಹೋಮರನ ವೀರರನ್ನು ಅಣಕಿಸಲು ಹಿಡಿದ ಪ್ರಾಣಿಯೇ ವೇದಕವಿಗೂ ಒದಗಿತಲ್ಲ ಎಂಬುದು ಅವರಿಗೆ ಸೋಜಿಗವಾಗಿ ಕಂಡಿತ್ತು. 1896ರಲ್ಲಿ ಮಾರಿಸ್ ಬ್ಲೂಮ್‌ಫೀಲ್ಡ್ ಇದನ್ನು ಅಲ್ಲಗಳೆದು, ಇಲ್ಲಿ ನಗೆಯ ಉದ್ದೇಶವೇ ಇಲ್ಲ, ಇದು ಮಳೆ ಬರಿಸುವ ಮಂತ್ರ ಎಂದರು. 1917ರ ತಮ್ಮ ವೇದಪಾಠಮಾಲೆಯಲ್ಲಿ ಮ್ಯಾಕ್ಡೊನೆಲ್ ಇದೇ ನಿಲುವನ್ನು ತಳೆದರು. ಆಮೇಲೆ ವಿದ್ವತ್‌ಲೋಕದ ತಕ್ಕಡಿ ಬಹುಮಟ್ಟಿಗೆ ಮಳೆಯ ಕಡೆಗೇ ವಾಲಿದೆ. ಸ್ಟೆಫನಿ ಜೇಮಿಸನ್ ಸೂಕ್ತದ ಜೀವಶಾಸ್ತ್ರವನ್ನು ಪರಿಶೀಲಿಸಿ, ನಾಲ್ಕನೆಯ ಋಕ್ಕಿನಲ್ಲಿ ಒಂದು ಕಪ್ಪೆ ಇನ್ನೊಂದನ್ನು ಹಿಡಿದುಕೊಳ್ಳುವುದು ಕೂಡುವ ಕಾಲದ ಹಿಡಿತವೇ ಎಂದು ತೋರಿಸಿದ್ದಾರೆ. ಮೊದಲ ಮಳೆಗೆ ಕೆರೆಯಂಚಿನಲ್ಲಿ ನಿಂತು ನೋಡಿದ ಯಾರಿಗೂ ಈ ಮಾತಿನಲ್ಲಿ ಅನುಮಾನ ಉಳಿಯದು.

ಮಳೆಯ ಪಕ್ಷದ ಆಧಾರಗಳು ಗಟ್ಟಿಯಾಗಿವೆ. ಮಳೆ ಬಯಸಿದ ವಸಿಷ್ಠ ಪರ್ಜನ್ಯನನ್ನು ಸ್ತುತಿಸಿದ, ಕಪ್ಪೆಗಳು ಅದಕ್ಕೆ ದನಿಗೂಡಿಸಿದವು, ಆಗ ಆತ ಅವನ್ನೂ ಸ್ತುತಿಸಿದ ಎಂದು ಯಾಸ್ಕನ ನಿರುಕ್ತ ಹೇಳುತ್ತದೆ. ಸೂಕ್ತದ ಹಿಂದಿನ ಎರಡು ಸೂಕ್ತಗಳೂ ಪರ್ಜನ್ಯನವೇ. ಕಪ್ಪೆಗೂ ನೀರಿಗೂ ನಂಟು ಕಲ್ಪಿಸುವ ನಂಬಿಕೆ ಮನುಷ್ಯನಷ್ಟೇ ಹಳೆಯದಿರಬೇಕು. ಫ್ರೇಜರ್ 1890ರ ತನ್ನ ಗ್ರಂಥದಿಂದಲೇ ಜಗತ್ತಿನ ಮೂಲೆಮೂಲೆಗಳಿಂದ ಇಂಥ ಆಚರಣೆಗಳನ್ನು ಒಟ್ಟುಮಾಡತೊಡಗಿದ. ವೇದದೊಳಗೂ ಶವದಹನದ ನೆಲವನ್ನು ತಂಪಾಗಿಸಲು ಹೆಣ್ಣುಕಪ್ಪೆಯನ್ನು ಕರೆಯುವ ಋಕ್ಕಿದೆ (10.16.14). ಅಗ್ನಿಚಯನದಲ್ಲಿ ಇಟ್ಟಿಗೆಯ ವೇದಿಯ ಮೇಲೆ ಕಪ್ಪೆಯನ್ನು ಎಳೆದೊಯ್ದು ಅದರ ಉರಿಯನ್ನು ಶಮನಗೊಳಿಸುವ ವಿಧಿಯನ್ನು ಶತಪಥಬ್ರಾಹ್ಮಣ ವಿವರಿಸುತ್ತದೆ. ಇವಿಷ್ಟರಲ್ಲಿ ತಕರಾರಿಲ್ಲ.

ತಕರಾರಿರುವುದು ಬ್ಲೂಮ್‌ಫೀಲ್ಡರ ಮುಖ್ಯ ಸಾಕ್ಷ್ಯದ ಬಗ್ಗೆ. ಅಥರ್ವವೇದದ ಮಳೆಯ ಸೂಕ್ತ (4.15) ಋಗ್ವೇದದ ಈ ಸೂಕ್ತದಿಂದ ಋಕ್ಕನ್ನು ಎತ್ತಿಕೊಂಡಿದೆ, ಆದ್ದರಿಂದ ಇಡೀ ಸೂಕ್ತವೇ ಮಳೆಯ ಮಂತ್ರ ಎಂಬುದು ಅವರ ತರ್ಕ. ಆದರೆ ಅಥರ್ವವೇದ ಎತ್ತಿಕೊಂಡದ್ದು ಮೊದಲನೆಯ ಋಕ್ಕೊಂದನ್ನೇ. ಅದು ಅನುಷ್ಟುಪ್ ಛಂದಸ್ಸಿನದು, ಉಳಿದವು ತ್ರಿಷ್ಟುಪ್. ಗುರುವಿನ ಮಾತನ್ನು ಒಪ್ಪಿಸುವ ಶಿಷ್ಯನ ಹಾಗೆ ಒಂದರ ವಟವಟವನ್ನು ಇನ್ನೊಂದು ಮರುನುಡಿಯುವ ಕಪ್ಪೆಗಳು, ಅತಿರಾತ್ರದ ಸೋಮದ ಸುತ್ತ ಕೂತ ಬ್ರಾಹ್ಮಣರ ಹಾಗೆ ತುಂಬಿದ ಕೊಳದ ಸುತ್ತ ಮಾತಾಡುವ ಕಪ್ಪೆಗಳು, ಕಾದ ಘರ್ಮಪಾತ್ರೆಯ ಮುಂದೆ ಬೆವರಿಳಿಸುವ ಅಧ್ವರ್ಯುಗಳಂಥ ಕಪ್ಪೆಗಳು: ಇವುಗಳಲ್ಲಿ ಒಂದೂ ಅಥರ್ವಣರ ಮಳೆಮಂತ್ರಕ್ಕೆ ಬೇಕಾಗಲಿಲ್ಲ. ಕರ್ಮಕ್ಕೆ ಒದಗಿದ್ದು ಒಂದು ಋಕ್ಕು. ಉಳಿದ ಒಂಬತ್ತು ಏಕೆ ಹುಟ್ಟಿದವು ಎಂಬ ಪ್ರಶ್ನೆಗೆ ಬ್ಲೂಮ್‌ಫೀಲ್ಡರಲ್ಲಿ ಉತ್ತರವಿಲ್ಲ.

ಹಾಗೆಂದು ಮುಲ್ಲರ್ ಗೆದ್ದರು ಎಂದೂ ಅಲ್ಲ. ಅವರ ಕಲ್ಪನೆಯ ವಿಡಂಬನಕಾರ ಪುರೋಹಿತವರ್ಗದ ಹೊರಗೆ ನಿಂತವನು, ಹೆಚ್ಚುಕಡಿಮೆ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪತ್ರಿಕಾ ಬರಹಗಾರ. ಈ ಸೂಕ್ತದ ನಗೆ ಹೊರಗಿನವನಿಗೆ ಅರ್ಥವೇ ಆಗದು. ಪ್ರವರ್ಗ್ಯದಲ್ಲಿ ಮಣ್ಣಿನ ಮಹಾವೀರಪಾತ್ರೆಯೊಳಗೆ ತುಪ್ಪ ಕುದಿಸಿ ಹಾಲು ಸುರಿಯುತ್ತಾರೆ. ಆ ಕಾವನ್ನು ಹತ್ತಿರದಿಂದ ಉಂಡವನಿಗೆ ಮಾತ್ರ ಬೇಸಗೆಯಲ್ಲಿ ಬೆಂದು ಮಳೆಗೆ ಹೊರಬೀಳುವ ಕಪ್ಪೆಗೂ ಬೆವರೊರೆಸಿಕೊಂಡು ಹೊರಬರುವ ಅಧ್ವರ್ಯುವಿಗೂ ಇರುವ ಹೋಲಿಕೆ ಹೊಳೆದೀತು. ಛಾಂದೋಗ್ಯದ ಶೌವ ಉದ್ಗೀಥ (1.12) ನೆನಪಾಗುವುದು ಇಲ್ಲೇ. ಬಹಿಷ್ಪವಮಾನಕ್ಕೆ ಹೋಗುವ ಋತ್ವಿಜರು ಮುಂದಿನವನನ್ನು ಹಿಂದಿನವನು ಹಿಡಿದು ಸಾಗುವಂತೆ ನಾಯಿಗಳು ಸಾಲುಗಟ್ಟಿ, ಊಟ ಕೊಡು, ನೀರು ಕೊಡು ಎಂದು ಓಂಕಾರ ಹಚ್ಚಿ ಹಾಡುತ್ತವೆ. ಅದನ್ನು ಕಟ್ಟಿದವರೂ ಸಾಮಗರೇ. ಇಲ್ಲಿ ನಗುವವರೂ ನಗೆಗೆ ಗುರಿಯಾದವರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು.

ಈಗ ಹತ್ತನೆಯ ಋಕ್ಕಿಗೆ ಬರೋಣ. ಒಂಬತ್ತನೆಯದರವರೆಗೆ ಋತ್ವಿಜರಾಗಿದ್ದ ಕಪ್ಪೆಗಳು ಇಲ್ಲಿ ಇದ್ದಕ್ಕಿದ್ದಂತೆ ಯಜಮಾನರಾಗುತ್ತವೆ. ಹಸುವಿನ ದನಿಯ ಕಪ್ಪೆ ಕೊಟ್ಟಿತು, ಆಡಿನ ದನಿಯದು ಕೊಟ್ಟಿತು, ಚುಕ್ಕೆಯದೂ ಹಸಿರಿನದೂ ಸಂಪತ್ತು ಕೊಟ್ಟವು; ನೂರುಗಟ್ಟಲೆ ಹಸು ಕೊಡುವ ಈ ಮಂಡೂಕಗಳು ಸಾವಿರ ಸವನಗಳ ಯಾಗದಲ್ಲಿ ಆಯುಸ್ಸನ್ನೂ ಬೆಳೆಸಿದವು. ಇದು ನೇರ ದಾನಸ್ತುತಿಯ, ಎಂದರೆ ದಾನ ಕೊಟ್ಟವರ ಹೊಗಳಿಕೆಯ, ಮಾದರಿ. ಮಳೆ ಬಂದರೆ ಹುಲ್ಲು, ಹುಲ್ಲಿದ್ದರೆ ಹಸು, ಹಾಗಾಗಿ ಇದೂ ಗಂಭೀರ ಪ್ರಾರ್ಥನೆಯೇ ಎಂಬುದು ಮಳೆಯ ಪಕ್ಷದ ಉತ್ತರ. ಅದು ಸರಿಯೇ. ಆದರೂ ಒಂದು ಸಂಗತಿ ಉಳಿಯುತ್ತದೆ.

ಈ ಋಕ್ಕಿನ ಕೊನೆಯ ಪಾದ ಅಕ್ಷರಶಃ ಇನ್ನೊಂದೆಡೆ ಇದೆ: ಮೂರನೆಯ ಮಂಡಲದ 53ನೆಯ ಸೂಕ್ತದ ಏಳನೆಯ ಋಕ್ಕಿನ ಕೊನೆಯಲ್ಲಿ. ಅದರ ಹಿಂದಿನ ಪಾದವೂ ರಚನೆಯಲ್ಲಿ ಸಮೀಪದ್ದು. ಅಲ್ಲಿ ಸಂಪತ್ತು ಕೊಡುವವರು ಅಂಗಿರಸರು, ಪಡೆಯುವವನು ವಿಶ್ವಾಮಿತ್ರ. ಇಲ್ಲಿ ಕೊಡುವವು ಕಪ್ಪೆಗಳು, ಪಡೆಯುವವರು ವಸಿಷ್ಠರು. ಅಲ್ಲಿ ಅಂಗಿರಸರಿಗೆ ಹಚ್ಚಿದ ‘ವಿರೂಪ’ ಎಂಬ ವಿಶೇಷಣ ಇಲ್ಲಿ ಆರನೆಯ ಋಕ್ಕಿನಲ್ಲಿ ಕಪ್ಪೆಗಳಿಗೆ ಹತ್ತಿದೆ. ಪಾದದ ಪುನರಾವೃತ್ತಿ ಹೊಸ ಶೋಧವೇನಲ್ಲ. ಋಗ್ವೇದದ ಪುನರುಕ್ತಿಗಳ ಬೃಹತ್ ಸಂಗ್ರಹವನ್ನು 1916ರಲ್ಲಿ ಹೊರತಂದವರು ಇದೇ ಬ್ಲೂಮ್‌ಫೀಲ್ಡ್. ಪುನರುಕ್ತಿಯನ್ನು ಸೂಕ್ತದ ನಗೆಗೆ ಜೋಡಿಸಿ ನೋಡುವ ಕೆಲಸ ಮಾತ್ರ ಸಾಕಷ್ಟು ನಡೆದಿಲ್ಲ.

ಜೋಡಿಸಿ ನೋಡಲು ಕಾರಣವಿದೆ. 3.53 ಯಾವುದೋ ಒಂದು ಸೂಕ್ತವಲ್ಲ. ವಿಶ್ವಾಮಿತ್ರ ಸುದಾಸನೆಂಬ ದೊರೆಗೆ ಯಜ್ಞ ಮಾಡಿಸಿದ ಹೆಮ್ಮೆ ಅದರಲ್ಲಿದೆ. ಅದರ ಕೊನೆಯ ನಾಲ್ಕು ಋಕ್ಕುಗಳು ಸಂಪ್ರದಾಯದಲ್ಲಿ ವಸಿಷ್ಠದ್ವೇಷಿಣಿಗಳೆಂದೇ ಹೆಸರಾಗಿವೆ. ವಸಿಷ್ಠರು ಅವನ್ನು ಕೇಳುವುದಿಲ್ಲ ಎಂದು ಬೃಹದ್ದೇವತೆ ದಾಖಲಿಸುತ್ತದೆ. ನಿರುಕ್ತಕ್ಕೆ ವ್ಯಾಖ್ಯಾನ ಬರೆದ ದುರ್ಗಾಚಾರ್ಯ, ತಾನು ಕಾಪಿಷ್ಠಲ ವಾಸಿಷ್ಠನಾದ್ದರಿಂದ ಅದರಲ್ಲೊಂದನ್ನು ವಿವರಿಸುವುದಿಲ್ಲ ಎಂದು ಕೈಬಿಟ್ಟಿದ್ದಾನೆ. ಸಾವಿರಾರು ವರ್ಷ ಕಳೆದರೂ ಆರದ ಮುನಿಸು! ಇತ್ತ ಏಳನೆಯ ಮಂಡಲದಲ್ಲಿ ಅದೇ ಸುದಾಸ ವಸಿಷ್ಠರ ಯಜಮಾನ. ದಕ್ಷಿಣೆಗಾಗಿ ಎರಡು ಕುಲಗಳು ಒಬ್ಬ ದೊರೆಯ ಬಾಗಿಲಲ್ಲಿ ನಿಂತಿದ್ದ ಸಂದರ್ಭದಲ್ಲಿ, ಎದುರಾಳಿಯ ದಾನದ ಹೆಗ್ಗಳಿಕೆಯ ಸಾಲನ್ನು ಎತ್ತಿ ಕಪ್ಪೆಗಳಿಗೆ ಹಚ್ಚುವುದು ಬರೀ ಆಕಸ್ಮಿಕವಿರಲಾರದು. ‘ನಿಮಗೆ ಅಂಗಿರಸರು ಕೊಟ್ಟರೆ ನಮಗೆ ಕಪ್ಪೆಗಳು ಕೊಟ್ಟವು’ ಎಂಬ ಧಾಟಿ ಇದು. ಹಾಗಾಗಿ ಈ ನಗೆ ಪುರೋಹಿತರೆಲ್ಲರ ಮೇಲಿನದಲ್ಲ, ವಿಶ್ವಾಮಿತ್ರರ ಮೇಲೆ ವಸಿಷ್ಠರು ಹಾರಿಸಿದ ಚಟಾಕಿ ಎಂಬುದು ನನ್ನ ಸೂಚನೆ.

ಸೂಚನೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮೊದಲನೆಯದಾಗಿ, ಆ ಪಾದ ಎರಡೂ ಕುಲಗಳಿಗೆ ಸಮಾನವಾಗಿ ದೊರೆತ ಸಿದ್ಧಸೂತ್ರವಾಗಿರಬಹುದು. ಋಗ್ವೇದದ ಕವಿಗಳು ಇಂಥ ಪಾದಗಳನ್ನು ಧಾರಾಳವಾಗಿ ಹಂಚಿಕೊಂಡಿದ್ದಾರೆ. ಬರೀ ಒಂದು ಪಾದವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಹಿಂದಿನ ಪಾದದ ಕಟ್ಟಡ, ವಿಶೇಷಣ, ದಾನದ ಸಂದರ್ಭ ಮೂರೂ ಕೂಡಿಬಂದಿರುವುದರಿಂದ ಮಾತ್ರ ಇಷ್ಟು ಹೇಳುವ ಧೈರ್ಯ. ಎರಡನೆಯದಾಗಿ, ಯಾರು ಯಾರಿಂದ ಪಡೆದರು ಎಂಬುದು. ಓಲ್ಡೆನ್‌ಬೆರ್ಗ್ 1888ರಲ್ಲಿ ನಿರೂಪಿಸಿದ ಕ್ರಮದ ಪ್ರಕಾರ ಕುಲಮಂಡಲಗಳಲ್ಲಿ ಒಂದೇ ದೇವತೆಯ ಸೂಕ್ತಗಳು ಋಕ್ಕುಗಳ ಸಂಖ್ಯೆ ಇಳಿಯುವಂತೆ ನಿಲ್ಲಬೇಕು, ದೇವತೆಗಳ ಗುಂಪುಗಳಿಗೂ ಒಂದು ಇಳಿಮುಖದ ಸಾಲಿದೆ. ಮೂರು ಋಕ್ಕುಗಳ 102ರ ಬೆನ್ನಿಗೆ ಹತ್ತು ಋಕ್ಕುಗಳ 103 ಬಂದಿರುವುದರಿಂದ ಅದು ಮಂಡಲದ ತುದಿಗೆ ಆಮೇಲೆ ಸೇರಿದ್ದೆನ್ನಬೇಕಾಗುತ್ತದೆ. ತಡವಾಗಿ ಸೇರಿದ್ದೆಲ್ಲ ತಡವಾಗಿಯೇ ರಚಿತವಾಗಬೇಕೆಂದಿಲ್ಲ, ಆದರೂ ವಸಿಷ್ಠರೇ ಸಾಲ ತಂದವರು ಎಂಬ ಊಹೆಗೆ ಇದು ಒಂದಿಷ್ಟು ಅನುಕೂಲ. ಮೂರನೆಯದಾಗಿ, ಚಟಾಕಿ ಹಾರಿಸಿದವರು ತಮ್ಮನ್ನೂ ಬಿಟ್ಟಿಲ್ಲ. ಸುದಾಸ ಕೊಟ್ಟ ಇನ್ನೂರು ಹಸುಗಳನ್ನು 7.18ರಲ್ಲಿ ಎಣಿಸಿ ಹಾಡಿದವರು ವಸಿಷ್ಠರೇ. ಕಪ್ಪೆಗಳ ನೂರುಗಟ್ಟಲೆ ಹಸುಗಳು ಅವರ ಕೊಟ್ಟಿಗೆಯ ಲೆಕ್ಕವನ್ನೂ ಮುಟ್ಟುತ್ತವೆ.

ಇಲ್ಲೊಂದು ಆಕ್ಷೇಪ ಏಳಬಹುದು: ನಗೆಯಿದ್ದ ಮೇಲೆ ಮಳೆಯ ನಂಬಿಕೆ ಎಲ್ಲಿ ಉಳಿಯಿತು? ನಂಬಿದವನು ನಗಬಾರದು ಎಂಬ ಈ ಎಣಿಕೆ ಮುಲ್ಲರ್, ಬ್ಲೂಮ್‌ಫೀಲ್ಡ್ ಇಬ್ಬರ ತಳದಲ್ಲೂ ಇದೆ. ಮಹಾವ್ರತದ ದಿನ ಯಜ್ಞಭೂಮಿಯಲ್ಲೇ ಬ್ರಹ್ಮಚಾರಿಗೂ ವೇಶ್ಯೆಗೂ ಬೈದಾಟವನ್ನು ವಿಧಿಸಿದ ಜನ ಹಾಗೆ ಎಣಿಸಿದವರಲ್ಲ. ನಮ್ಮ ಉತ್ತರ ಕರ್ನಾಟಕದ ಗುರ್ಜಿಯನ್ನೇ ನೋಡಿ. ಮಳೆ ಹಿಂದೆಗೆದಾಗ ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು ಹುಡುಗನ ತಲೆಗೇರಿಸಿ ಮನೆಮನೆ ಸುತ್ತುತ್ತಾರೆ. ಹೆಂಗಸರು ನೀರು ಸುರಿಯುತ್ತಾರೆ, ಹೊತ್ತವನು ಗಿರ್ರನೆ ತಿರುಗುತ್ತಾನೆ, ಸುತ್ತಲಿದ್ದವರೆಲ್ಲ ತೊಯ್ದು ನಗುತ್ತಾರೆ. ಮಳೆ ಬೇಕೆಂಬ ಹಂಬಲಕ್ಕೆ ಅದರಿಂದ ಕುಂದಿಲ್ಲ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂದು ಹೆಸರಿಟ್ಟು ಕಪ್ಪೆಗಳ ಮದುವೆ ಮಾಡಿದಾಗಲೂ ಇದ್ದದ್ದು ಇಂಥದೇ ಮಿಶ್ರಭಾವ. ಇವು ವೇದದಿಂದ ಇಳಿದು ಬಂದ ಆಚರಣೆಗಳೆಂದು ನಾನು ಹೇಳುತ್ತಿಲ್ಲ. ನಗೆಯೂ ನಂಬಿಕೆಯೂ ಒಂದೇ ಅಂಗಳದಲ್ಲಿ ಇರಬಲ್ಲವೆಂಬುದಕ್ಕೆ ಇವು ಸಾಕ್ಷಿ, ಅಷ್ಟೇ.

ಬಗೆಹರಿಯದ ಗಂಟುಗಳು ಎರಡಾದರೂ ಇವೆ. ಅನುಷ್ಟುಪ್ಪಿನ ಮೊದಲ ಋಕ್ಕು ಮೊದಲಿಂದಲೂ ಈ ಸೂಕ್ತದ್ದೇ ಆಗಿದ್ದರೆ, ಅಥರ್ವಣರು ಅದೊಂದನ್ನೇ ಆಯ್ದುಕೊಂಡರು ಎಂಬ ನನ್ನ ವಾದ ಸಡಿಲವಾಗದಿದ್ದರೂ ಉಳಿದ ಒಂಬತ್ತು ಮೊದಲು ಬೇರೆಯೇ ರಚನೆಯಾಗಿದ್ದವು ಎಂದು ಊಹಿಸಲು ಎಡೆಯಿರುವುದಿಲ್ಲ. ಇನ್ನೊಂದು ಹೆಚ್ಚು ತೊಡಕಿನದು. 3.53 ಒಂದೇ ಕೈಯ ರಚನೆಯಲ್ಲ, ಹಲವು ತುಣುಕುಗಳ ಜೋಡಣೆಯಂತಿದೆ. ಅದರ ಏಳನೆಯ ಋಕ್ಕು ಮಂಡೂಕಸೂಕ್ತಕ್ಕಿಂತ ಈಚಿನದೆಂದು ಛಂದಸ್ಸು, ಭಾಷೆಗಳ ಆಧಾರದಿಂದ ಯಾರಾದರೂ ತೋರಿಸಿದರೆ ಬಾಣದ ದಿಕ್ಕೇ ತಿರುಗುತ್ತದೆ: ಆಗ ಕಪ್ಪೆಗಳಿಗೆ ಸಂದ ಹೊಗಳಿಕೆಯನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ತಮ್ಮ ಕುಲಪತಿಯ ದಾನಸ್ತುತಿಗೆ ಹೊಂದಿಸಿಕೊಂಡವರು ವಿಶ್ವಾಮಿತ್ರರಾಗುತ್ತಾರೆ.